ಒಂದು ಕೀಲಿ, ಇಬ್ಬರು ಒಡತಿಯರು

ಕೀಲಿಯೆಂದರೆ ಮನೆಯ ಯಜಮಾನಿಕೆ. ಅತ್ತೆಯ ಸೊಂಟದ ಗೊಂಚಲು ಸೊಸೆಯ ಕೈಗೆ ಬಂದರೆ ಮನೆಯ ಕಾರುಬಾರು ಬದಲಾಯಿತೆಂದೇ ಲೆಕ್ಕ. ಗಣಕಯಂತ್ರದ ಕೀಲಿಮಣೆಗೂ ಇಂಥ ಯಜಮಾನಿಕೆಯ ಜಗಳದ ಚರಿತ್ರೆಯಿದೆ.

1874ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ರೆಮಿಂಗ್ಟನ್ ಬೆರಳಚ್ಚು ಯಂತ್ರದಲ್ಲಿ ಬರೀ ದೊಡ್ಡಕ್ಷರಗಳಿದ್ದವು. 1878ರ ಮಾದರಿಯಲ್ಲಿ ಶಿಫ್ಟ್ ಕೀಲಿ ಬಂದು, ಒಂದೇ ಕೀಲಿ ಎರಡು ಕೆಲಸ ಕಲಿಯಿತು. ನಮ್ಮ ಅಕ್ಷರಗಳೋ ಐವತ್ತರ ಆಸುಪಾಸು, ಒತ್ತಕ್ಷರಗಳು ಬೇರೆ. ಕೆ.ಪಿ. ರಾವ್ ಅವರು ಉಚ್ಚಾರಣೆಯ ಜಾಡು ಹಿಡಿದು, ಇಂಗ್ಲಿಷಿನ 26 ಕೀಲಿಗಳಲ್ಲೇ ಇಷ್ಟನ್ನೂ ಕೂಡಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಈ ವಿನ್ಯಾಸವನ್ನೇ ಬಳಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು.

ಇಂಗ್ಲಿಷಿನಿಂದ ಕನ್ನಡಕ್ಕೆ ಹೊರಳಲು ಒಂದು ಕೀಲಿ ಬೇಕಲ್ಲ? ನುಡಿ ಸ್ಕ್ರಾಲ್ ಲಾಕನ್ನು ಹಿಡಿಯಿತು, ಬರಹ ಎಫ್11 ಅನ್ನು. ಆದರೆ ಬ್ರೌಸರಿನಲ್ಲಿ ಎಫ್11 ಪುಟವನ್ನು ಪರದೆ ತುಂಬ ಹಿಗ್ಗಿಸುವ ಕೀಲಿ. ಕರೆ ಒಂದೇ, ಓಗೊಡುವವರು ಇಬ್ಬರು!

1996ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರಿಂದ ಬ್ರೌಸರನ್ನು ಬೇರೆ ತಂತ್ರಾಂಶದೊಳಗೇ ಕೂರಿಸಲು ಬಂತು. ಮನೆಯೊಳಗೆ ಬಾಡಿಗೆಯವರು ಬಂದಂತಾಯಿತು. ತಂತ್ರಾಂಶದವರು ಎಫ್5ಕ್ಕೆ ‘ಉಳಿಸು’ ಎಂದು ಅರ್ಥ ಕೊಟ್ಟಿದ್ದಾರೆನ್ನಿ. ಬ್ರೌಸರಿಗೆ ಅದೇ ಎಫ್5 ‘ಪುಟವನ್ನು ಹೊಸದಾಗಿ ತಾ’ ಎಂಬ ಅಪ್ಪಣೆ. ಬೆರಳು ಒತ್ತುವಾಗ ಕರ್ಸರ್ ಪುಟದೊಳಗಿದ್ದರೆ ಬಾಡಿಗೆಯವಳೇ ಮೊದಲು ಓಗೊಡುತ್ತಾಳೆ. ಟಿಕೋಟಾದಿಂದ ಬಸ್ಸು ಹತ್ತಿ ಅಥಣಿ ರಸ್ತೆಯ ಅಂಗಡಿಗೆ ಬಂದು, ಕೊನೆಯ ದಿನ ಅರ್ಜಿ ತುಂಬುವ ಹುಡುಗಿಯನ್ನು ನೆನೆಯಿರಿ. ಒಂದು ತಾಸಿನ ಬರಹ ಕ್ಷಣದಲ್ಲಿ ಅಳಿಸಿಹೋಗಬಹುದು. ಬಸ್ಸಿನ ಹಣವೂ ಹೋಯಿತು, ವೇಳೆಯೂ ಹೋಯಿತು.

ಪರಿಹಾರ ಸರಳ: ಕೀಲಿಯ ಸುದ್ದಿ ಮೊದಲು ಮನೆಯೊಡತಿಗೆ ಮುಟ್ಟಬೇಕು, ತನಗೆ ಬೇಡವಾದದ್ದನ್ನು ಅವಳು ಪುಟಕ್ಕೆ ಬಿಡಬೇಕು. ಎಕ್ಸ್‌ಪ್ಲೋರರಿನ ಸೇವೆ 2022ರ ಜೂನ್ 15ಕ್ಕೆ ನಿಂತಿತು. ಈಗಿನ ವೆಬ್‌ವ್ಯೂ2ರಲ್ಲಿ ಈ ಏರ್ಪಾಡು ಇದೆ. ಬ್ರೌಸರಿನ ಎಫ್5, ಕಂಟ್ರೋಲ್-ಪಿ, ಕಂಟ್ರೋಲ್-ಎಫ್‌ಗಳನ್ನು ಒಟ್ಟಿಗೆ ಮುಚ್ಚಿಬಿಡಲೂ ಬರುತ್ತದೆ. ಹಾಗೆ ಮುಚ್ಚಿದರೂ ನಕಲು ಮಾಡುವ, ಅಂಟಿಸುವ ಕೀಲಿಗಳು ಪುಟಕ್ಕೇ ಉಳಿಯುತ್ತವೆ. ಬರೆಯುವವಳ ಕೈ ಕಟ್ಟಬಾರದಲ್ಲ! ಒಂದೇ ಸೂರಿನಡಿ ಬಾಳಿದವರು ಮಾಡಿಕೊಳ್ಳುವ ಒಪ್ಪಂದದಂತೆಯೇ ಇದೂ.

ಎಲ್ಲ ತಂತ್ರಾಂಶಗಳಲ್ಲಿ ಈ ಎಚ್ಚರ ಇರುವುದಿಲ್ಲ. ಆದ್ದರಿಂದ ಮಗಳು ಅರ್ಜಿ ತುಂಬುವಾಗ ಕೀಲಿಯನ್ನು ನಂಬದೆ, ಪರದೆಯ ಮೇಲಿನ ‘ಉಳಿಸು’ ಗುಂಡಿಯನ್ನೇ ಮೌಸಿನಿಂದ ಒತ್ತಲು ಹೇಳಿರಿ. ಆ ಗುಂಡಿಗೆ ಒಡತಿ ಒಬ್ಬಳೇ.