ನಿಂತ ಯಂತ್ರದ ಖರ್ಚು

ಮೂಡಲಪಾಳ್ಯದಿಂದ ಕಾಮಾಕ್ಷಿಪಾಳ್ಯದತ್ತ ಹೋದರೆ ಲೇತುಗಳ ಸದ್ದು ನಿಮ್ಮ ಕಿವಿಗೆ ಬೀಳುತ್ತದೆ. ಹೊಸ ಯಂತ್ರ ಕೊಳ್ಳಬೇಕೆ, ಇರುವುದನ್ನೇ ಹೆಚ್ಚು ಹೊತ್ತು ಓಡಿಸಬೇಕೆ? ಅಲ್ಲಿನ ಸಣ್ಣ ಘಟಕಗಳ ಈ ಪ್ರಶ್ನೆ, ಲೇತುಗಳನ್ನೇ ತಯಾರಿಸುತ್ತಿದ್ದ ಎಚ್‌ಎಂಟಿಗೂ ಎದುರಾಗಿತ್ತು.

ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ ಎಚ್‌ಎಂಟಿ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾಯಿತು. ಬೇಡಿಕೆ ಏರಿದಂತೆ 1961ರಲ್ಲಿ ಬೆಂಗಳೂರಿನಲ್ಲೇ ಎರಡನೆಯ ಕಾರ್ಖಾನೆ, 1965ರ ವೇಳೆಗೆ ಪಿಂಜೋರ್, ಕಳಮಶ್ಶೇರಿ, ಹೈದರಾಬಾದುಗಳಲ್ಲಿ ಇನ್ನೂ ಮೂರು ಕಾರ್ಖಾನೆಗಳು ತಲೆಯೆತ್ತಿದವು. ಆದರೆ 1965 ಮತ್ತು 1966ರಲ್ಲಿ ಮಳೆ ಕೈಕೊಟ್ಟಿತು. ಸರ್ಕಾರದ ಬಂಡವಾಳ ವೆಚ್ಚವೂ ಕುಗ್ಗಿತು. 1966-67ರ ಹಿಂಜರಿತದಲ್ಲಿ ಯಂತ್ರೋಪಕರಣಗಳಿಗೆ ಬೇಡಿಕೆ ಕುಸಿದು, ಹೊಸ ಸಾಮರ್ಥ್ಯದ ದೊಡ್ಡ ಪಾಲು ಬಳಕೆಯಾಗದೆ ಉಳಿಯಿತು.

ನಿಂತ ಯಂತ್ರಕ್ಕೂ ಖರ್ಚಿದೆ. ನೀವೇ ಲೆಕ್ಕ ಹಾಕಿ: 20 ಲಕ್ಷ ರೂಪಾಯಿಯ ಯಂತ್ರ 10 ವರ್ಷ ಬಾಳಿದರೆ ವರ್ಷದ ಸವಕಳಿ 2 ಲಕ್ಷ. ವರ್ಷಕ್ಕೆ 2,000 ಗಂಟೆ ದುಡಿದರೆ ಗಂಟೆಗೆ 100 ರೂಪಾಯಿ. 500 ಗಂಟೆ ಮಾತ್ರ ದುಡಿದರೆ 400!

ಎಚ್‌ಎಂಟಿ ಪಿಂಜೋರಿನಲ್ಲಿ ಟ್ರ್ಯಾಕ್ಟರ್, ಕಳಮಶ್ಶೇರಿಯಲ್ಲಿ ಮುದ್ರಣಯಂತ್ರ ತಯಾರಿಕೆಗೆ ಹೊರಳಿತು. ಸಣ್ಣ ಘಟಕಕ್ಕೆ ಅಂಥ ದಾರಿ ಸುಲಭವಲ್ಲ. ಆದ್ದರಿಂದ ಕೊಳ್ಳುವ ಮುನ್ನ, ಇರುವ ಯಂತ್ರ ದಿನಕ್ಕೆಷ್ಟು ಗಂಟೆ ಓಡುತ್ತಿದೆಯೆಂದು ಒಂದು ತಿಂಗಳು ಬರೆದಿಡಿ. ಬೇಡಿಕೆ ನಾಲ್ಕು ದಿನದ್ದಾದರೆ, ಹೆಚ್ಚುವರಿ ಕೆಲಸವನ್ನು ಪಕ್ಕದ ಘಟಕಕ್ಕೆ ಜಾಬ್‌ವರ್ಕ್ ಕೊಡುವುದೇ ಅಗ್ಗವಾದೀತು.