ತಳಬಣ್ಣ (ಯಕ್ಷಗಾನ)

ಯಕ್ಷಗಾನದ ವೇಷಧಾರಿಯು ಚೌಕಿಯೆಂಬ ಬಣ್ಣದ ಮನೆಯಲ್ಲಿ ಕುಳಿತು ಕಣ್ಣು, ಹುಬ್ಬು, ನಾಮಗಳ ರೇಖೆಗಳನ್ನು ಬರೆದುಕೊಳ್ಳುವುದಕ್ಕೆ ಮೊದಲು ಮುಖದ ಮೇಲೆಲ್ಲ ಸಮನಾಗಿ ಹರಡಿಕೊಳ್ಳುವ ಪ್ರಥಮ ಲೇಪನ. ಕರಾವಳಿಯ ಸೆಕೆಯಲ್ಲಿ ಕಿರೀಟದ ಭಾರವನ್ನು ಹೊತ್ತು ಕುಣಿಯುವವನ ಬೆವರಿಗೆ ಕರಗದೆ, ಇಡೀ ಇರುಳಿನ ಆಟದಲ್ಲಿ ಬೆಳಗಿನವರೆಗೂ ನಿಲ್ಲಬೇಕಾದ ಬಣ್ಣವಾದುದರಿಂದ, ಇದರ ಸಿದ್ಧತೆಯಲ್ಲಿ ಅವಸರವು ಸರ್ವಥಾ ಸಲ್ಲದು.

ಬಿಳಿಯ ಪುಡಿಗೆ ಹಳದಿ ಕೆಂಪುಗಳನ್ನು ಪಾತ್ರೋಚಿತವಾಗಿ ಬೆರೆಸಿ, ತೆಂಗಿನೆಣ್ಣೆಯಲ್ಲಿ ಗಂಟಿಲ್ಲದಂತೆ ಅರೆದು, ಬೆರಳ ತುದಿಯಿಂದ ತೆಳುವಾಗಿ ಹಚ್ಚುವರು. ದಪ್ಪವಾಗಿ ಬಳಿದದ್ದು ಮುಖದ ಸ್ನಾಯುಗಳು ಚಲಿಸಿದೊಡನೆ ಬಿರಿಯುವುದು. ಕಿವಿ, ಗಲ್ಲದಡಿ, ಕುತ್ತಿಗೆಗಳಲ್ಲಿ ಅಂಚು ಕಾಣದಂತೆ ಲೇಪವನ್ನು ತೀಡಿ ಇಳಿಸುವುದರಲ್ಲಿಯೇ ಕಲಾವಿದನ ಕೈಚಳಕವು ನಿಜವಾಗಿ ವ್ಯಕ್ತವಾಗುವುದೆಂದು ಹೇಳಬೇಕು. ಅನಂತರ ಒಣ ಪುಡಿಯನ್ನು ಉಜ್ಜದೆ ಮೆಲ್ಲನೆ ಒತ್ತಿದರೆ, ಅದು ಮೇಲ್ಪದರದ ಜಿಡ್ಡನ್ನು ಹೀರಿ, ಹೊಳಪನ್ನು ತಗ್ಗಿಸಿ, ಬಣ್ಣವನ್ನು ಸ್ಥಿರಗೊಳಿಸುವುದು.

ಹಿಂದೆ ಹಳದಿಗೆ ಅರದಾಳವೂ ಕೆಂಪಿಗೆ ಇಂಗಳೀಕವೂ ಬಳಕೆಯಲ್ಲಿದ್ದವು. ಇವು ಕ್ರಮವಾಗಿ ಆರ್ಸೆನಿಕ್ ಮತ್ತು ಪಾದರಸಗಳು ಗಂಧಕದೊಡನೆ ಕೂಡಿದ ಖನಿಜಗಳಾದ ಕಾರಣ, ವರ್ಣದಲ್ಲಿ ಎಷ್ಟೇ ಉಜ್ಜ್ವಲವಾಗಿದ್ದರೂ ದೇಹಕ್ಕೆ ಹಾನಿಕರವಾದವು. ಬಾಳುವ ಮೈಗೆ ಇವನ್ನು ಸೋಂಕಿಸದಿರುವುದೇ ಲೇಸು. ರಾಕ್ಷಸ ಪಾತ್ರಗಳ ಬಣ್ಣದ ವೇಷದಲ್ಲಿ ತಳಬಣ್ಣದ ಮೇಲೆ ಅಕ್ಕಿಹಿಟ್ಟು ಸುಣ್ಣಗಳ ಕಲಸಿನಿಂದ ಚಿಟ್ಟಿಯೆಂಬ ಮುಳ್ಳುಗಳನ್ನು ಸಾಲುಸಾಲಾಗಿ ಇಡುವರು. ಈ ಕಾರ್ಯಕ್ಕೆ ಹಲವು ಗಂಟೆಗಳೇ ಹಿಡಿಯುವುದುಂಟು.