ಹಳೆ ಪೇಟೆ ಮನೆಯೋ, ಊರಾಚೆ ಲೇಔಟ್ ಸೈಟೋ? ಅಡ್ವಾನ್ಸ್ ಕೊಡುವ ಮುನ್ನ ನೋಡಬೇಕಾದ್ದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದೂ ಪಟ್ಟಣಗಳಲ್ಲಿ ಸ್ವಂತ ಮನೆ ಮಾಡ್ಕೋಬೇಕು ಅನ್ನೋರ ಮುಂದೆ ಸಾಮಾನ್ಯವಾಗಿ ಎರಡು ದಾರಿ ಇರುತ್ತವೆ. ಒಂದು, ಗುಡಿ, ಸಂತೆ, ಬಸ್ ನಿಲ್ದಾಣಕ್ಕೆ ಹತ್ತಿರದ ಹಳೆ ಪೇಟೆಯಲ್ಲಿ ಹಳೇ ಮನೆ. ಇನ್ನೊಂದು, ಮೊನ್ನೆ ಮೊನ್ನೆವರೆಗೂ ಜೋಳ, ಮೆಕ್ಕೆಜೋಳ ಬೆಳೀತಿದ್ದ ಹೊಲದಲ್ಲಿ ಕಲ್ಲು ನೆಟ್ಟು ಮಾಡಿದ ಲೇಔಟ್‌ನಲ್ಲಿ 30x40 ಸೈಟ್.

2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆ ಆದ ಮೇಲೆ "ಈಗಲೇ ತಗೊಳ್ರಿ, ಮುಂದೆ ರೇಟ್ ಏರುತ್ತೆ" ಅನ್ನೋದೇ ಸೈಟ್ ಮಾರೋರ ಮೊದಲ ಮಾತು. ಕೊಳ್ಳೋರೂ ಮೊದಲು ಕೇಳೋದು ಚದರಡಿಗೆ ಎಷ್ಟು ಅಂತ. ಹೊಲ ಮಾರಿದ ದುಡ್ಡು, ಅಡವಿಟ್ಟ ಬಂಗಾರ, ಅಂಗಡಿಯ ಇಪ್ಪತ್ತು ವರ್ಷದ ಉಳಿತಾಯ ಎಲ್ಲ ಒಂದೇ ಸಹಿಯಲ್ಲಿ ಹೋಗುವ ವ್ಯವಹಾರ ಇದು. ಹಾಗಾಗಿ ಏರಿಯಾ ಯಾವುದು, ರೇಟ್ ಎಷ್ಟು ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಆ ಜಾಗದ ಕಾಗದ ಯಾವ ತರದ್ದು ಅಂತ.

ಮೊದಲು ಖಾತೆ, ಆಮೇಲೆ ಏರಿಯಾ

ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿ ಆಗಲ್ಲ. ಇದರಲ್ಲಿ ಎರಡು ತರ. ಭೂ ಪರಿವರ್ತನೆ ಆಗಿ, ಬಡಾವಣೆಗೆ ಅನುಮೋದನೆ ಸಿಕ್ಕ ಆಸ್ತಿಗೆ ಎ-ಖಾತಾ. ಅನುಮೋದನೆ ಇಲ್ಲದ ಬಡಾವಣೆಯ ಸೈಟ್, ಮನೆಗೆ ಬಿ-ಖಾತಾ. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಇಂಥ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನವನ್ನು ಸರ್ಕಾರ 2025ರ ಫೆಬ್ರವರಿಯಲ್ಲಿ ಶುರು ಮಾಡಿತ್ತು.

ಬಹಳ ಜನ ಇಲ್ಲೇ ಎಡವೋದು. ಬಿ-ಖಾತಾ ಅಂದ್ರೆ ಸಕ್ರಮ ಆಯ್ತು ಅಂತಲ್ಲ. ಆಸ್ತಿಯನ್ನು ತೆರಿಗೆ ಲೆಕ್ಕಕ್ಕೆ ತಂದಿದ್ದಾರೆ ಅಷ್ಟೇ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ರಿಜಿಸ್ಟರ್ ಆಯ್ತು ಅಂದ ಮಾತ್ರಕ್ಕೂ ಎಲ್ಲ ಸರಿ ಇದೆ ಅಂತಲ್ಲ. ಬಿ-ಖಾತಾ ಆಸ್ತಿಯೂ ರಿಜಿಸ್ಟರ್ ಆಗುತ್ತೆ. ಆದ್ರೆ ಕಟ್ಟಡ ಪರವಾನಗಿ ಕೇಳೋಕೆ ಹೋದಾಗ, ಬ್ಯಾಂಕ್ ಸಾಲ ಕೇಳೋಕೆ ಹೋದಾಗ ವ್ಯತ್ಯಾಸ ಗೊತ್ತಾಗುತ್ತೆ.

ಸೈಟ್ ಪಟ್ಟಣದ ಗಡಿ ದಾಟಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ರೆ ಇ-ಸ್ವತ್ತು ನೋಡಬೇಕು. ಗ್ರಾಮಠಾಣಾ ಅಥವಾ ಅನುಮೋದಿತ ಬಡಾವಣೆಯ ಆಸ್ತಿಗೆ ನಮೂನೆ 9 ಮತ್ತು 11ಎ ಬರುತ್ತೆ. ಬರೀ 11ಬಿ ತೋರಿಸಿದ್ರೆ ಅಲ್ಲೇ ನಿಂತು ಕಾರಣ ಕೇಳಿ. ಊರಾಚೆ ಲೇಔಟ್‌ಗಳಲ್ಲಿ ಕೆಲವು ಪಟ್ಟಣದ ಹೆಸರು ಹೇಳಿಕೊಂಡು ಮಾರಾಟ ಆದ್ರೂ ನೀರು, ದೀಪ, ಚರಂಡಿಗೆ ಹೋಗಬೇಕಾದ್ದು ಪಕ್ಕದ ಹಳ್ಳಿಯ ಪಂಚಾಯಿತಿಗೆ. ಯಾವ ವ್ಯಾಪ್ತಿ ಅನ್ನೋದನ್ನ ಮೊದಲೇ ಖಚಿತ ಮಾಡ್ಕೊಳ್ಳಿ.

ಅಗ್ಗದ ಸೈಟ್ ದುಬಾರಿ ಆಗೋದು ಹೇಗೆ?

ಕಾಗದ ಸರಿ ಇರುವ ಮನೆಗೆ 10 ಲಕ್ಷ ರೂಪಾಯಿ ಗೃಹಸಾಲ, ಶೇ 8.5ರ ಬಡ್ಡಿ, 20 ವರ್ಷ ಅಂತ ಲೆಕ್ಕ ಹಾಕಿ. ತಿಂಗಳ ಕಂತು ಸುಮಾರು 8,700 ರೂಪಾಯಿ. ಅಸಲು, ಬಡ್ಡಿ ಎರಡೂ ಅದರಲ್ಲೇ ತೀರುತ್ತೆ.

ಬಿ-ಖಾತಾ ಆಸ್ತಿಗೆ ಬಹುತೇಕ ಬ್ಯಾಂಕ್‌ಗಳು ಗೃಹಸಾಲ ಕೊಡಲ್ಲ. ಅದೇ 10 ಲಕ್ಷವನ್ನ ಹೊರಗಡೆ ನೂರಕ್ಕೆ ಎರಡರ ಬಡ್ಡಿಗೆ ತಂದ್ರೆ ತಿಂಗಳಿಗೆ 20 ಸಾವಿರ ಬರೀ ಬಡ್ಡಿ. ವರ್ಷಕ್ಕೆ 2 ಲಕ್ಷ 40 ಸಾವಿರ ಕಟ್ಟಿದ್ರೂ ಅಸಲು ಹಾಗೇ ಇರುತ್ತೆ. ಸೈಟ್‌ನಲ್ಲಿ ಎರಡು ಲಕ್ಷ ಉಳಿತು ಅನ್ನೋ ಖುಷಿ ಒಂದೇ ವರ್ಷದಲ್ಲಿ ಮುಗಿಯಿತು. ಮುಂದೆ ಕಷ್ಟಕ್ಕೆ ಮಾರೋಣ ಅಂದ್ರೂ, ಕೊಳ್ಳೋರಿಗೂ ಸಾಲ ಸಿಗದೇ ಇರೋದ್ರಿಂದ ಗಿರಾಕಿ ಕಡಿಮೆ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ದಾಖಲೆಗಳ ಜೆರಾಕ್ಸ್ ತಗೊಂಡು ಬ್ಯಾಂಕ್‌ಗೆ ಹೋಗಿ "ಇದಕ್ಕೆ ಸಾಲ ಕೊಡ್ತೀರಾ?" ಅಂತ ಕೇಳೋದು ಒಳ್ಳೇದು. ಸಾಲ ಬೇಡದಿದ್ರೂ ಕೇಳಿ. ಬ್ಯಾಂಕ್ ಬೇಡ ಅಂದ ಕಾಗದದಲ್ಲಿ ಏನೋ ಕೊರತೆ ಇದೆ ಅಂತಲೇ ತಿಳಿಯಬೇಕು.

ಲೇಔಟ್ ಕಡೆ ಹೋದ್ರೆ

"ಎನ್‌ಎ ಆಗಿದೆ" ಅನ್ನೋ ಒಂದು ಮಾತಿಗೆ ದುಡ್ಡು ಕೊಡಬೇಡಿ. 1964ರ ಭೂಕಂದಾಯ ಕಾಯ್ದೆಯ ಕಲಂ 95ರ ಪ್ರಕಾರ ಜಿಲ್ಲಾಧಿಕಾರಿಗಳ ಭೂ ಪರಿವರ್ತನೆ ಆದೇಶ ಒಂದು ಹಂತ ಮಾತ್ರ. ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅಥವಾ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಅನುಮೋದನೆ ಇನ್ನೊಂದು. ರಸ್ತೆ, ಪಾರ್ಕ್ ಜಾಗವನ್ನ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರೋ ಪತ್ರ ಮೂರನೇದು. ಮೂರೂ ಬೇಕು. ಅನುಮೋದಿತ ನಕ್ಷೆ ಹಿಡ್ಕೊಂಡು ಸ್ಥಳಕ್ಕೆ ಹೋಗಿ. ನಕ್ಷೆಯಲ್ಲಿ ಪಾರ್ಕ್ ಇದ್ದಲ್ಲಿ ಸೈಟ್ ಕಲ್ಲು ನೆಟ್ಟಿದ್ರೆ ಅಲ್ಲಿಗೆ ಮಾತು ಮುಗಿಸಿ.

500 ಚದರ ಮೀಟರ್‌ಗಿಂತ ದೊಡ್ಡ ಬಡಾವಣೆ ಆದ್ರೆ ರೇರಾ ನೋಂದಣಿಯೂ ಬೇಕು. ಹಾಗೆ ನೋಡಿದ್ರೆ 500 ಚದರ ಮೀಟರ್ ಅಂದ್ರೆ ಐದು ಗುಂಟೆಯಷ್ಟೂ ಆಗಲ್ಲ. ಇದು ಬೆಂಗಳೂರಿಗೆ ಮಾತ್ರ ಅನ್ನೋದು ತಪ್ಪು. ಕರ್ನಾಟಕ ರೇರಾ ವೆಬ್‌ಸೈಟ್‌ನಲ್ಲಿ ಬಡಾವಣೆ ಹೆಸರು ಹಾಕಿ ಮೊಬೈಲ್‌ನಲ್ಲೇ ನೋಡಬಹುದು.

ಹೊಲ ಯಾರದಾಗಿತ್ತು ಅನ್ನೋದು ಇನ್ನೊಂದು ದೊಡ್ಡ ಪ್ರಶ್ನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರೋ ಹಾಗಿಲ್ಲ. 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅಂಥ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗುತ್ತೆ. ಭೂಮಿ ಕಳಕೊಂಡ ಬಡವರ ರಕ್ಷಣೆಗೆ ಇರೋ ಕಾಯ್ದೆ ಇದು. 2023ರ ತಿದ್ದುಪಡಿ ಆದ ಮೇಲೆ "ತುಂಬಾ ವರ್ಷ ಆಯ್ತು, ಇನ್ನೇನಾಗುತ್ತೆ" ಅನ್ನೋ ಧೈರ್ಯವೂ ಬೇಡ. ಸರ್ವೆ ನಂಬರಿನ ಹಳೇ ಪಹಣಿ, ಮಂಜೂರಾತಿ ದಾಖಲೆ ತಾಲೂಕು ಕಚೇರಿಯಲ್ಲಿ ತೆಗೆಸಿ ನೋಡಿ.

ಬಾಂಡ್ ಪೇಪರ್ ಮೇಲೆ ನೋಟರಿ ಮಾಡಿಸಿದ ಕರಾರು ಅಥವಾ ಜಿಪಿಎ ಮೇಲೆ ಸೈಟ್ ಕೊಡೋರೂ ಇದ್ದಾರೆ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ನೋಂದಣಿಯಾದ ಖರೀದಿ ಪತ್ರ ಬಿಟ್ಟು ಬೇರೆ ಯಾವುದಕ್ಕೂ ಪೂರ್ತಿ ದುಡ್ಡು ಕೊಡಬಾರದು.

ಹಳೆ ಪೇಟೆ ಕಡೆ ಹೋದ್ರೆ

ಹಳೆ ಪೇಟೆಯಲ್ಲಿ ತೊಡಕು ಬರೋದು ಕುಟುಂಬದ ಕಡೆಯಿಂದ. ಅಜ್ಜನ ಹೆಸರಲ್ಲೇ ಉಳಿದ ಖಾತೆ, ಬಾಯಿ ಮಾತಲ್ಲಿ ಹಂಚಿಕೊಂಡ ಪಾಲು, ಊರು ಬಿಟ್ಟು ಹೋದ ಅಣ್ಣ ತಮ್ಮಂದಿರು ಇರ್ತಾರೆ. ಮನೆ ತೋರಿಸೋರು ಒಬ್ಬರಾದ್ರೆ ಹಕ್ಕುದಾರರು ಹತ್ತು ಜನ.

ಮುಖ್ಯವಾಗಿ ಹೆಣ್ಣುಮಕ್ಕಳ ಪಾಲು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. 2005ರಲ್ಲಿ ಕೇಂದ್ರ ಸರ್ಕಾರ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿತು. ತಂದೆ ಯಾವಾಗ ತೀರಿಕೊಂಡಿದ್ರೂ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ಅಕ್ಕ ತಂಗಿಯರಿಗೆ ಮದುವೇಲಿ ಬಂಗಾರ ಕೊಟ್ಟೀವಿ, ಅವರೇನೂ ಕೇಳಲ್ಲ" ಅನ್ನೋ ಮಾತು ಕೋರ್ಟ್‌ನಲ್ಲಿ ನಡೆಯಲ್ಲ. ವಂಶವೃಕ್ಷ ತರಿಸಿ, ಅದರಲ್ಲಿರೋ ಹಕ್ಕುದಾರರೆಲ್ಲ ಖರೀದಿ ಪತ್ರಕ್ಕೆ ಸಹಿ ಹಾಕಲಿ ಅಥವಾ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಕೊಡಲಿ.

ಕಟ್ಟಡವನ್ನೂ ನೋಡಬೇಕು. ಮಾಳಿಗೆ ಮನೆಯಾದ್ರೆ ತೊಲೆ, ಜಂತಿಗೆ ಗೆದ್ದಲು ಹಿಡಿದಿದೆಯಾ ನೋಡಿ. ಪಕ್ಕದ ಮನೆಯ ಜೊತೆ ಗೋಡೆ ಒಂದೇ ಆಗಿದ್ರೆ ಅದು ಯಾರದ್ದು ಅಂತ ಪತ್ರದಲ್ಲೇ ಇರಬೇಕು. ಕೆಡವಿ ಹೊಸದು ಕಟ್ಟೋ ಯೋಚನೆ ಇದ್ರೆ ರಸ್ತೆಗೆ ಎಷ್ಟು ಜಾಗ ಬಿಡಬೇಕಾಗುತ್ತೆ ಅಂತ ಪುರಸಭೆಯಲ್ಲಿ ಕೇಳಿ. 20 ಅಡಿ ಅಗಲದ ಮನೆಯಲ್ಲಿ ಮುಂದೆ ನಾಲ್ಕು ಅಡಿ ಹೋದ್ರೂ ಮನೆಯ ಲೆಕ್ಕವೇ ಬದಲಾಗುತ್ತೆ.

ಹಳೇ ಪತ್ರದಲ್ಲಿ ಜಿಲ್ಲೆ ಯಾವುದು?

ಹರಪನಹಳ್ಳಿ ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆಗೆ ಸೇರಿತು. ಮತ್ತೆ ಬಳ್ಳಾರಿಗೆ ಬಂದು ಈಗ ವಿಜಯನಗರದಲ್ಲಿದೆ. ಹಾಗಾಗಿ ಒಂದೇ ಮನೆಯ ನಾಲ್ಕು ಪತ್ರಗಳಲ್ಲಿ ಮೂರು ಜಿಲ್ಲೆಯ ಹೆಸರಿದ್ರೆ ಗಾಬರಿ ಬೇಡ. ಕೊಟ್ಟೂರಿನ ಹಳೇ ಪತ್ರಗಳಲ್ಲೂ ಕೂಡ್ಲಿಗಿ ತಾಲೂಕು, ಬಳ್ಳಾರಿ ಜಿಲ್ಲೆ ಅಂತಲೇ ಇರುತ್ತೆ. ನೋಡಬೇಕಾದ್ದು ಸರ್ವೆ ನಂಬರ್, ಆಸ್ತಿ ನಂಬರ್, ಚೆಕ್ಕುಬಂದಿ. ಈ ಮೂರು ಎಲ್ಲ ಪತ್ರಗಳಲ್ಲೂ ತಾಳೆ ಆಗಬೇಕು.

ಋಣಭಾರ ಪತ್ರ, ಅಂದ್ರೆ ಇಸಿ, ಕನಿಷ್ಠ 30 ವರ್ಷದ್ದು ತೆಗೆಸಿ. ಕಾವೇರಿ ತಂತ್ರಾಂಶದಲ್ಲಿ ಸಿಗೋದು 2004ರಿಂದ ಈಚಿನದ್ದು. ಅದಕ್ಕೂ ಹಿಂದಿನದ್ದಕ್ಕೆ ಉಪನೋಂದಣಾಧಿಕಾರಿ ಕಚೇರಿಗೇ ಅರ್ಜಿ ಕೊಡಬೇಕು.

ನೀರು, ನೆಲ, ದಾರಿ

ಕಾಗದ ಸರಿ ಇದ್ದ ಮೇಲೆ ಏರಿಯಾ ಮಾತು. ಮೊದಲು ನೀರು. ನಲ್ಲಿ ಪೈಪ್ ಬಂದಿದೆಯಾ, ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತಾರೆ ಅಂತ ಮಾರೋರನ್ನ ಕೇಳಬೇಡಿ. ಅಕ್ಕಪಕ್ಕದ ಮನೆ ಹೆಣ್ಣುಮಕ್ಕಳನ್ನ ಕೇಳಿ. ಸಾಧ್ಯವಾದ್ರೆ ಏಪ್ರಿಲ್, ಮೇ ತಿಂಗಳಲ್ಲೇ ಹೋಗಿ ನೋಡಿ. ಬರೀ ಬೋರ್‌ವೆಲ್ ನೀರೇ ಗತಿ ಅಂದ್ರೆ ಅದನ್ನ ಪರೀಕ್ಷೆ ಮಾಡಿಸಿ. ಕೂಡ್ಲಿಗಿ ಭಾಗದಲ್ಲಿ ಅಂತರ್ಜಲದ ಫ್ಲೋರೈಡ್ ಹಳೇ ತೊಂದರೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋಕೆ ಯೋಗ್ಯ ಅಲ್ಲ.

ಆಮೇಲೆ ನೆಲ. ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತೆ. ಬುನಾದಿ ಗಟ್ಟಿ ಹಾಕದಿದ್ರೆ ಗೋಡೆ ಸೀಳುತ್ತೆ. ಮಸಾರಿ ನೆಲದಲ್ಲಿ ಈ ಖರ್ಚು ಕಡಿಮೆ. ಪಕ್ಕದಲ್ಲಿ ಹಳ್ಳ, ಕೆರೆ ಕೋಡಿ ಇದ್ರೆ ಸರ್ವೆ ನಕ್ಷೆಯಲ್ಲಿ ಅದರ ಗಡಿ ನೋಡಿ. ಬೇಸಿಗೆಯಲ್ಲಿ ಒಣಗಿದ ಹಳ್ಳ ಸೈಟ್ ತರಾನೇ ಕಾಣುತ್ತೆ, ಮಳೆ ಬಂದಾಗಲೇ ಗೊತ್ತಾಗೋದು.

ದಾರಿಯ ಲೆಕ್ಕ ಊರಿಂದ ಊರಿಗೆ ಬೇರೆ.

ಕೂಡ್ಲಿಗಿ: ರಾಷ್ಟ್ರೀಯ ಹೆದ್ದಾರಿ 50ರ ಊರು, ರೈಲು ಇಲ್ಲ. ಹೆದ್ದಾರಿ ಕಡೆ ಸೈಟ್ ಆದ್ರೆ ರಸ್ತೆ ಮಧ್ಯದಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕು ಅಂತ ಬರಹದಲ್ಲಿ ತಿಳ್ಕೊಳ್ಳಿ. ಮಕ್ಕಳು ಶಾಲೆಗೆ ಹೆದ್ದಾರಿ ದಾಟಬೇಕಾ ಅನ್ನೋದೂ ನೋಡಿ.

ಕೊಟ್ಟೂರು: ಗುರು ಬಸವೇಶ್ವರ ಸ್ವಾಮಿ ತೇರಿನ ದಿನಗಳಲ್ಲಿ ಗುಡಿ ಸುತ್ತಲಿನ ಓಣಿಗಳಿಗೆ ಗಾಡಿ ಹೋಗಲ್ಲ. ವ್ಯಾಪಾರಕ್ಕೆ ಅದೇ ಒಳ್ಳೇ ಜಾಗ. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ರೆ ಯೋಚಿಸಿ.

ಹಗರಿಬೊಮ್ಮನಹಳ್ಳಿ: ಹೊಸಪೇಟೆ–ಕೊಟ್ಟೂರು–ಹರಿಹರ ರೈಲು ಮಾರ್ಗದ ನಿಲ್ದಾಣ ಇಲ್ಲಿದೆ. ಹಳೆ ಊರು, ರಾಮನಗರ ಎರಡಕ್ಕೂ ಅದರದ್ದೇ ಅನುಕೂಲ ಇದೆ. ದಿನಾ ಎಲ್ಲಿಗೆ ಓಡಾಟ ಅನ್ನೋದರ ಮೇಲೆ ಆರಿಸ್ಕೊಳ್ಳಿ.

ಹಡಗಲಿ: ರೈಲು ಇಲ್ಲ, ಬಸ್ಸೇ ಆಧಾರ. ರಾತ್ರಿ ಕೊನೇ ಬಸ್ ಇಳಿದ ಮೇಲೆ ಮನೆಗೆ ಎಷ್ಟು ದೂರ, ಬೀದಿದೀಪ ಇದೆಯಾ ನೋಡಿ.

ಹರಪನಹಳ್ಳಿ: ಆಸ್ಪತ್ರೆ, ಕಾಲೇಜಿಗೆ ದಾವಣಗೆರೆ ಕಡೆ, ಜಿಲ್ಲಾ ಕಚೇರಿಗೆ ಹೊಸಪೇಟೆ ಕಡೆ. ನಿಮ್ಮ ಮನೆಯವರ ಓಡಾಟ ಯಾವ ಕಡೆ ಜಾಸ್ತಿಯೋ ಆ ಕಡೆ ರಸ್ತೆಯ ಏರಿಯಾ ಅನುಕೂಲ.

ಅಂಗಡಿಕಾರರಿಗೆ ಒಂದು ಮಾತು. ಕೆಳಗೆ ಅಂಗಡಿ, ಮೇಲೆ ಮನೆ ಇದ್ರೆ ಬಾಡಿಗೆ, ಓಡಾಟ ಎರಡೂ ಉಳಿಯುತ್ತೆ. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯೋರಿಗೆ ಪೇಟೆ ಮನೆಯೇ ಲಾಭ. ಆದ್ರೆ ವಾಸಕ್ಕೆ ಅಂತ ಅನುಮೋದನೆ ಆದ ಲೇಔಟ್ ಸೈಟ್‌ನಲ್ಲಿ ಅಂಗಡಿ ಹಾಕೋಣ ಅಂತಿದ್ರೆ ಮೊದಲು ಪರವಾನಗಿ ಸಿಗುತ್ತಾ ಕೇಳಿ.

ಹೊಸಪೇಟೆಯಲ್ಲಿ ತಗೊಳ್ಳೋರಿಗೆ

ಜಿಲ್ಲಾ ಕೇಂದ್ರ ಅಂತ ಹೊಸಪೇಟೆಯಲ್ಲಿ ನೋಡೋರು ಹಂಪಿ, ಕಮಲಾಪುರ ಕಡೆಯ ಜಾಗದಲ್ಲಿ ಎಚ್ಚರ ಇರಬೇಕು. ಹಂಪಿ 1986ರಿಂದ ವಿಶ್ವ ಪರಂಪರೆ ತಾಣ. 2002ರ ಕಾಯ್ದೆಯಂತೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಕಟ್ಟೋದಕ್ಕೆ ಅದರ ಒಪ್ಪಿಗೆ ಬೇಕು. ಸೈಟ್ ಸಿಕ್ಕರೂ ಮನೆ ಕಟ್ಟೋಕೆ ಆಗದ ಪರಿಸ್ಥಿತಿ ಬರಬಹುದು. ನಗರದ ಬೇರೆ ಕಡೆಯ ಬಡಾವಣೆಗಳಿಗೆ ಹೊಸಪೇಟೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ವಿಚಾರಿಸಿ.

ನೋಂದಣಿ ಖರ್ಚು ಎಷ್ಟು?

ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಎಲ್ಲ ಸೇರಿ ಪಟ್ಟಣದಲ್ಲಿ ಸುಮಾರು ಶೇ 7.6. ಅಂದ್ರೆ 20 ಲಕ್ಷದ ಆಸ್ತಿಗೆ 1 ಲಕ್ಷ 52 ಸಾವಿರ ರೂಪಾಯಿ. ಈ ದುಡ್ಡನ್ನ ಬ್ಯಾಂಕ್ ಸಾಮಾನ್ಯವಾಗಿ ಸಾಲದಲ್ಲಿ ಸೇರಿಸಲ್ಲ. ಕೈಯಲ್ಲಿ ಬೇರೆ ಇಟ್ಕೊಂಡಿರಬೇಕು.

ಅಡ್ವಾನ್ಸ್ ಕೊಡುವ ಮುನ್ನ

* ಇ-ಖಾತಾ ಎ-ನೋ ಬಿ-ನೋ? ಪಂಚಾಯಿತಿ ಆದ್ರೆ ನಮೂನೆ 9, 11ಎ ಇದೆಯಾ?
* 30 ವರ್ಷದ ಇಸಿ, ಮೂಲ ಪತ್ರಗಳು ತಾಳೆ ಆಗ್ತವಾ?
* ಲೇಔಟ್ ಆದ್ರೆ: ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ರೇರಾ ನಂಬರ್, ಮಂಜೂರಾತಿ ಜಮೀನು ಅಲ್ಲ ಅನ್ನೋ ಖಾತ್ರಿ.
* ಹಳೇ ಮನೆ ಆದ್ರೆ: ವಂಶವೃಕ್ಷ, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ.
* ಬ್ಯಾಂಕ್ ಏನಂತು? ಒಬ್ಬ ವಕೀಲರು ಓದಿ ನೋಡಿದ್ರಾ?
* ಕರಾರು ಬರೆಯೋದಾದ್ರೆ, ಕಾಗದ ಸರಿ ಬರದಿದ್ರೆ ಅಡ್ವಾನ್ಸ್ ವಾಪಸ್ ಅಂತ ಅದರಲ್ಲೇ ಬರೆಸಿದ್ದೀರಾ? ದುಡ್ಡು ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ.

ಇವೆಲ್ಲ ನೋಡೋಕೆ ಎರಡು ಮೂರು ವಾರ ಬೇಕು. "ನಾಳೆಯೊಳಗೆ ಕೊಡದಿದ್ರೆ ಬೇರೆಯವರಿಗೆ ಹೋಗುತ್ತೆ" ಅಂದ್ರೆ ಹೋಗಲಿ ಬಿಡಿ. ಕಾಗದ ಸರಿ ಇರೋ ಮಾಲೀಕರು ಎರಡು ವಾರ ಕಾಯೋಕೆ ಹಿಂಜರಿಯಲ್ಲ.